ತಮ್ಮಯ್ಯ ಭಾವನ ಶಿಲ್ಕಾ

ನಮ್ಮ ಭಾವ ತಮ್ಮಯ್ಯನವರು ಯುದ್ಧವಿಮಾನ ಹೊಡೆದು ಉರುಳಿಸಿದವರು ಎಂದು ಕೊಟ್ಟಿಗೆಹಾರದ ಸುತ್ತಮುತ್ತ ಯಾರನ್ನು ಕೇಳಿದರೂ ಹೇಳುತ್ತಾರೆ. ಯಾವ ವಿಮಾನ, ಎಲ್ಲಿ, ಯಾವಾಗ ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಕಥೆ. ನನ್ನನ್ನು ಕೇಳಿ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಸೊಳ್ಳೆಯನ್ನು ಬಿಟ್ಟರೆ ಹಾರುವ ಇನ್ನಾವುದನ್ನೂ ಭಾವ ಹೊಡೆದವರಲ್ಲ. ಇದು ನನಗೆ ಗೊತ್ತಿತ್ತು, ಭಾವನಿಗೆ ಗೊತ್ತಿತ್ತು, ನನ್ನ ಅಕ್ಕ ಕುಸುಮಾಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಯಾಕೆಂದರೆ ಆ ವಿಮಾನವನ್ನು ಬೀಳಿಸಿದವಳು ಅವಳೇ. ಅದೂ ನಲ್ಲಿಯ ಹತ್ತಿರ, ಒಂದು ಕೊಡ ತುಂಬುವಷ್ಟರಲ್ಲಿ.

ಮದುವೆಯಾದ ಹೊಸದರಲ್ಲಿ ಅಕ್ಕ ಹೆಬ್ಬಲಸು ಎಸ್ಟೇಟಿನ ಆಳುಗಳ ಲೈನ್ ಮನೆಯಲ್ಲಿದ್ದಳು. ಗಡಿಯಲ್ಲಿ ಎರಡೂ ಕಡೆಯ ಸೈನ್ಯ ತಿಂಗಳುಗಟ್ಟಲೆ ಎದುರುಬದುರು ನಿಂತಿದ್ದ ಕಾಲ ಅದು. ಭಾವ ಅಲ್ಲೆಲ್ಲೋ ರಾಜಸ್ಥಾನದ ಮರಳಿನಲ್ಲಿದ್ದರು. ಒಂದು ದಿನ ನೀರಿಗೆ ನಿಂತಿದ್ದಾಗ ಮುತ್ತಮ್ಮ ಕೆಣಕಿದಳು. ಮುತ್ತಮ್ಮ ಎಂದರೆ ಎಸ್ಟೇಟಿನ ಹೆಣ್ಣಾಳುಗಳಿಗೆಲ್ಲ ದೊಡ್ಡಕ್ಕ, ಅವಳ ಬಾಯಿಗೆ ರೈಟರು, ಮೇಸ್ತ್ರಿ ಎಲ್ಲರೂ ಹೆದರುತ್ತಾರೆ. “ನಿನ್ನ ಗಂಡ ಅಲ್ಲಿ ಎಂತ ಮಾಡ್ತಾನೆ ಕುಸುಮಾ? ಅಡಿಗೆಗೆ ಇಟ್ಕೊಂಡಿದಾರಾ?” ಅಕ್ಕನಿಗೆ ಉರಿದುಹೋಯಿತು. “ನಮ್ಮನೆಯವ್ರು ಮೊನ್ನೆ ಒಂದು ವಿಮಾನ ಹೊಡ್ದು ಬೀಳ್ಸಿದಾರೆ. ಯಾರಿಗೂ ಹೇಳ್ಬೇಡಿ, ಮಿಲಿಟ್ರಿ ಗುಟ್ಟು” ಎಂದುಬಿಟ್ಟಳು. ಯಾರಿಗೂ ಹೇಳಬೇಡಿ ಎಂದ ಮೇಲೆ ಕೇಳಬೇಕೇ? ಸಂಜೆಯೊಳಗೆ ವಿಮಾನ ಮೂಡಿಗೆರೆ ತಲುಪಿತ್ತು.

ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಮಲ್ಲೇಶ, ಕೊಟ್ಟಿಗೆಹಾರದಲ್ಲಿ ಚಾರ್ಮಾಡಿ ರಸ್ತೆಯ ಬದಿಗೆ ಪಂಕ್ಚರ್ ಅಂಗಡಿ ಇಟ್ಟಿದ್ದೇನೆ. ಘಾಟಿ ನೋಡಲು ಬರುವವರ ಟೈರಿಗೆ ಗಾಳಿ ತುಂಬುವುದು, ಅವರು ಹೋದ ಮೇಲೆ ಅವರ ಹಾರ್ನಿಗೆ ಬೈಯುವುದು, ಇವೆರಡು ನನ್ನ ಕಸುಬು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅಕ್ಕ ಹೇಳುತ್ತಾಳೆ. ಆ ಹಾರ್ನ್ ದಿನವಿಡೀ ಕೇಳಿಸಿಕೊಂಡು ಕೂತರೆ ಅವಳಿಗೂ ಬರುತ್ತದೆ, ಬಿಡಿ.

ಭಾವ ಸೇನೆಯಲ್ಲಿ ಇಪ್ಪತ್ತೆರಡು ವರ್ಷ ಕಳೆದದ್ದು ಶಿಲ್ಕಾ ಎಂಬ ವಾಹನದಲ್ಲಿ. ಟ್ಯಾಂಕಿಗಿರುವ ಹಾಗೆಯೇ ಸರಪಳಿ ಚಕ್ರ, ಮೇಲೆ ಸುತ್ತಲೂ ತಿರುಗುವ ಗೋಪುರ, ಅದರಲ್ಲಿ ನಾಲ್ಕು ನಳಿಗೆಯ ವಿಮಾನ ನಿರೋಧಕ ತೋಪು, ಹಿಂದೆ ಒಂದು ರೇಡಾರ್ ತಟ್ಟೆ. ಭಾವ ಅದರ ಗನ್ನರ್. ನಿವೃತ್ತರಾಗಿ ಬಂದ ಹೊಸದರಲ್ಲಿ ದಿನಾ ಸಂಜೆ ನನ್ನ ಅಂಗಡಿಗೆ ಬಂದು, ಹಳೇ ಲಾರಿ ಟೈರುಗಳನ್ನು ಮುಂದೆ ಸಾಲಾಗಿಟ್ಟು, ಅವುಗಳ ಹಿಂದೆ ಒಂದು ಸ್ಕೂಟರ್ ಟೈರು ಇಟ್ಟು, ನನಗೆ ಯುದ್ಧ ಕಲಿಸುತ್ತಿದ್ದರು.

“ನೋಡು ಮಾರಾಯ, ಈ ದೊಡ್ಡವೆಲ್ಲ ಟ್ಯಾಂಕು. ಎದುರಿಗೆ ಎಂಥಾ ದಪ್ಪ ಕಬ್ಬಿಣ ಅಂತೀಯ! ಮುಂದಿಂದ ಗುಂಡು ಬಂದ್ರೆ ಕ್ಯಾರೇ ಅನ್ನಲ್ಲ. ಆದ್ರೆ ನೆತ್ತಿ ತೆಳು. ಮೇಲಿಂದ ಹೆಲಿಕಾಪ್ಟರ್ ಬಂದು ಕುಕ್ಕಿದ್ರೆ ಮುಗೀತು. ಒಳಗಿದ್ದವ್ರು ದಾರಿ ನೋಡ್ತಾರೋ, ಆಕಾಶ ನೋಡ್ತಾರೋ? ಅದಕ್ಕೇ ಅವ್ರ ಹಿಂದೆ ನಾವು. ಅವ್ರು ಮುಂದೆ ನೋಡ್ತಾರೆ, ನಾವು ಮೇಲೆ ನೋಡ್ತೀವಿ.”

“ಮತ್ತೆ ನಿಮ್ಮ ನೆತ್ತಿ ಭಾವ?”

“ನಮ್ದು ಎಲ್ಲ ಕಡೆನೂ ತೆಳುವೇ. ಟ್ಯಾಂಕಿನ ಮುಂದೆ ಬರೀ ತಗಡು.”

“ಚೆನ್ನಾಗಿದೆ. ಕೊಡೆ ಹಿಡಿಯೋನು ನೆನೆಯೋ ಕೆಲ್ಸ.”

ಭಾವ ನನ್ನ ಗೇಲಿಗೆ ಕಿವಿ ಕೊಡುತ್ತಿರಲಿಲ್ಲ. ಪಾನಾ ಒಂದನ್ನು ಸ್ಕೂಟರ್ ಟೈರಿನ ಮೇಲಿಟ್ಟು ಮುಂದುವರಿಸುತ್ತಿದ್ದರು. “ಇನ್ನೆರಡು ಮಾತು ನೆನಪಿಟ್ಕೋ. ಗುಡ್ಡದ ಮರೆಯಿಂದ ಹೆಲಿಕಾಪ್ಟರ್ ಎದ್ರೆ, ಒಂದೇ ಬಂತು ಅನ್ಕೋಬಾರ್ದು. ಅದ್ರ ಕೆಳಗೆ ಅವ್ರ ಟ್ಯಾಂಕೂ ಬರ್ತಾ ಇರುತ್ತೆ. ಮೇಲಿಂದು ಕಂಡ ಕೂಡ್ಲೆ ಕೆಳಗಿಂದು ಹುಡುಕು. ಇನ್ನೊಂದು, ಮೇಲಿರೋದು ನಮ್ದೋ ಅವ್ರದೋ ಅಂತ ಗೊತ್ತಾಗೋ ತನಕ ಬೆರಳು ಅಲ್ಲಾಡಿಸ್ಬಾರ್ದು. ನಮ್ಮದನ್ನೇ ನಾವು ಹೊಡೆದ್ರೆ ಅದಕ್ಕಿಂತ ದೊಡ್ಡ ಪಾಪ ಇಲ್ಲ.”

ಪಂಕ್ಚರ್ ಹಾಕುವವನಿಗೆ ಇದೆಲ್ಲ ಯಾಕೆ ಎಂದು ನಾನು ಆಕಳಿಸುತ್ತಿದ್ದೆ.

ಗುಂಡು ಹಾರಿಸಿದ್ದೇ ಇಲ್ಲವೇ ಎಂದರೆ, ಹಾರಿಸಿದ್ದಾರೆ. ಅಭ್ಯಾಸಕ್ಕೆಂದು ವಿಮಾನದ ಹಿಂದೆ ಮೈಲುದ್ದದ ಹಗ್ಗ ಕಟ್ಟಿ, ಅದರ ತುದಿಗೆ ಒಂದು ಬಟ್ಟೆಯ ಚೀಲ ಕಟ್ಟಿ ಎಳೆಯುತ್ತಾರಂತೆ. ಆ ಚೀಲಕ್ಕೆ ಹೊಡೆಯಬೇಕು. “ಹಾಗಾದ್ರೆ ನೀವು ಇಪ್ಪತ್ತೆರಡು ವರ್ಷ ಒಣಗಕ್ಕೆ ಹಾಕಿದ ಬಟ್ಟೆಗೆ ಗುಂಡು ಹೊಡೆದು ಬಂದ್ರಿ” ಎಂದೆ ಒಮ್ಮೆ. ಭಾವ ನಗಲಿಲ್ಲ. ಆ ದಿನ ಸ್ವಲ್ಪ ಹಾಕಿಕೊಂಡೂ ಇದ್ದರು. “ಅದಲ್ಲ ಮಾರಾಯ ಬೇಜಾರು. ವಿಮಾನ ಬರದಿದ್ದಿದ್ದು ದೇಶಕ್ಕೆ ಒಳ್ಳೇದೇ. ಆದ್ರೆ ಅಷ್ಟು ವರ್ಷ ಟ್ಯಾಂಕಿನವ್ರ ಬೆನ್ನ ಹಿಂದೆ ಧೂಳು ಕುಡ್ಕೊಂಡು ಹೋದ್ವಲ್ಲ, ಒಂದು ದಿನ ಒಬ್ಬನಾದ್ರೂ ಹಿಂದೆ ತಿರುಗಿ, ಇದೀರೇನ್ರೋ ಅಂತ ಕೇಳಿದವನಲ್ಲ” ಎಂದರು. ಅವರ ದನಿ ಕೇಳಿ ನನಗೂ ಪಿಚ್ಚೆನ್ನಿಸಿತು.

ಊರಿಗೆ ಬಂದ ಮೇಲೂ ಭಾವನ ಕತ್ತು ಕೆಳಗಿಳಿಯಲಿಲ್ಲ. ರಸ್ತೆಯಲ್ಲಿ ಆಕಾಶ ನೋಡಿಕೊಂಡು ನಡೆದು ಎರಡು ಸಲ ಚರಂಡಿಗೆ ಬಿದ್ದರು. ಕೊನೆಗೆ ಹೆಬ್ಬಲಸು ಎಸ್ಟೇಟಿನ ಸಾಹುಕಾರರು ಓಂಕಾರಮೂರ್ತಿಯವರೇ ಕರೆದು ಮೆಣಸಿನ ಬಳ್ಳಿಗೆ ಬೋರ್ಡೋ ಹೊಡೆಯುವ ಕೆಲಸ ಕೊಟ್ಟರು. ಮೈಲುತುತ್ತು, ಸುಣ್ಣ ಕಲಸಿದ ನೀಲಿ ಔಷಧಿ ಅದು. ಮೆಣಸಿನ ಬಳ್ಳಿ ಸಿಲ್ವರ್ ಮರದ ತುದಿಯವರೆಗೂ ಏರಿರುತ್ತದೆ. ಕೆಳಗೆ ನಿಂತು, ಪಂಪಿನ ಒತ್ತಡದಲ್ಲಿ, ಮೇಲೆ ನೋಡುತ್ತ ಹೊಡೆಯಬೇಕು. ಆ ಹೊಡೆಯುವ ಕೊಳವೆಗೆ ನಮ್ಮಲ್ಲಿ ಎಲ್ಲರೂ ಗನ್ ಎಂದೇ ಹೇಳುವುದು. ಭಾವನಿಗೆ ಸ್ವರ್ಗವೇ ಸಿಕ್ಕಿತು.

ಹೀಗೆ ಎಲ್ಲ ಸರಿಯಾಗಿದ್ದಾಗ ತೋಟದ ಮೇಲಿನ ಗುಡ್ಡದಲ್ಲಿ ಸುರೇಂದ್ರ ಎಂಬವನು ಹೋಂಸ್ಟೇ ತೆಗೆದ. ನೀಲಿ ಟೈಲ್ಸಿನ ಈಜುಕೊಳ, ಅದರ ಸುತ್ತ ಛತ್ರಿ ಕುರ್ಚಿಗಳು, ಸಾಲದ್ದಕ್ಕೆ ಗೆಸ್ಟುಗಳಿಗೆ ಹಾರಿಸಲು ಒಂದು ಬಿಳಿ ಡ್ರೋನು. ಮೇ ತಿಂಗಳಲ್ಲಿ ಲೈನ್ ಮನೆಗಳ ನಲ್ಲಿ ಬತ್ತುತ್ತದೆ. ಹೆಂಗಸರೆಲ್ಲ ಭಾನುವಾರ ಹಳ್ಳಕ್ಕೆ ಹೋಗಿ ಬಟ್ಟೆ ಒಗೆದು, ಅಲ್ಲೇ ಮಿಂದು ಬರುವುದು ನಮ್ಮ ಅಜ್ಜಿಯರ ಕಾಲದಿಂದ ನಡೆದುಬಂದದ್ದು. ಆ ಭಾನುವಾರ ಅವರ ತಲೆಯ ಮೇಲೆ ಡ್ರೋನು ಗುಂಯ್ ಎನ್ನುತ್ತ ಬಂದು ನಿಂತಿತು. ಹೆಂಗಸರು ಕೈಗೆ ಸಿಕ್ಕ ಬಟ್ಟೆ ಬಾಚಿಕೊಂಡು ಕಾಫಿ ಗಿಡದೊಳಗೆ ನುಗ್ಗಿದರು. ಮುಂದಿನ ಭಾನುವಾರವೂ ಅದೇ.

ಮುತ್ತಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಸುರೇಂದ್ರನ ಗೇಟಿಗೆ ಹೋದಳು. ಅವನು ನಗುನಗುತ್ತಲೇ, “ಗೆಸ್ಟುಗಳು ಹಳ್ಳದ ವ್ಯೂ ತೆಗೀತಾರೆ ಮುತ್ತಮ್ಮಕ್ಕ. ನಿಮ್ಮನ್ನ ಯಾರು ನೋಡ್ತಾರೆ ಬಿಡಿ” ಎಂದನಂತೆ. ನೋಡಿದ್ದಕ್ಕೆ ಬಂದ ಕೋಪ ಒಂದು ಪಾಲಾದರೆ, ಯಾರು ನೋಡುತ್ತಾರೆ ಎಂದದ್ದಕ್ಕೆ ಬಂದದ್ದು ಮೂರು ಪಾಲು. ಮಾರನೆಯ ಬೆಳಿಗ್ಗೆ ಹಾಜರಿ ಕರೆಯುವ ಹೊತ್ತಿಗೆ ಮುತ್ತಮ್ಮ ಎಲ್ಲರೆದುರು ಅಕ್ಕನ ಕಡೆ ತಿರುಗಿದಳು.

“ಅಲ್ಲ ಕುಸುಮಾ, ಅಷ್ಟು ದೊಡ್ಡ ವಿಮಾನ ಬೀಳ್ಸಿದವ್ನು ಮನೇಲಿರೋವಾಗ ನಾವ್ಯಾಕೆ ಅವ್ನ ಗೇಟಿಗೆ ಹೋಗಿ ಅಳ್ಬೇಕು? ಈ ತಟ್ಟೆ ಅಷ್ಟಗಲದ್ದು ಬೀಳ್ಸಕ್ಕಾಗಲ್ವಾ ನಿನ್ನ ಗಂಡನಿಗೆ?”

ಎಲ್ಲರ ಕಣ್ಣೂ ಅಕ್ಕನ ಮೇಲೆ. ಇಲ್ಲ ಎನ್ನುವ ನಾಲಿಗೆಯನ್ನು ದೇವರು ನಮ್ಮ ಮನೆತನಕ್ಕೆ ಕೊಟ್ಟಿಲ್ಲ. “ಅದೆಂತ ದೊಡ್ಡ ವಿಷ್ಯ? ಈ ಭಾನ್ವಾರವೇ ಬೀಳ್ಸ್ತಾರೆ” ಎಂದುಬಿಟ್ಟಳು.

ಸಂಜೆ ಅಂಗಡಿಗೆ ಬಂದಾಗ ಅವಳ ಮುಖದಲ್ಲಿ ರಕ್ತ ಇರಲಿಲ್ಲ. “ಮಲ್ಲೇಶ, ಎಂತಾದ್ರೂ ಮಾಡೋ. ನನ್ನನ್ನ ಸುಳ್ಳಿ ಅಂದ್ರೆ ಅನ್ಲಿ. ಅವ್ರನ್ನ ನೋಡಿ ನಗ್ತಾರೆ. ಅಷ್ಟು ವರ್ಷ ದುಡಿದು ಬಂದವ್ರನ್ನ ಅಡಿಗೆಯವ್ನು ಅಂತಾರೆ ಕಣೋ” ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ನಾನು ಅವಳಿಗೆ ಬಾಯಿಗೆ ಬಂದಂತೆ ಬೈದೆ. ಹೆದರಿಕೆ ನನಗೂ ಆಗಿತ್ತು. ಭಾವ ಲಾರಿ ಟೈರಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು. ಹೆಂಡತಿಯನ್ನು ಒಂದು ಮಾತೂ ಬೈಯಲಿಲ್ಲ.

“ಎಷ್ಟು ಎತ್ತರದಲ್ಲಿ ಬರುತ್ತೆ ಅದು?” ಎಂದು ಕೇಳಿದರು ಅಷ್ಟೆ. ಅವರ ಕಣ್ಣು ಹೊಳೆಯುತ್ತಿತ್ತು.

ಆ ವಾರ ನಾನು ಸರಿಯಾಗಿ ಒಂದು ಟೈರು ಬಿಚ್ಚಿದ್ದರೆ ಕೇಳಿ. ಗುಜರಿ ಲಾರಿಯ ಚಕ್ರದ ಹಬ್ ಒಂದನ್ನು ಕಬ್ಬಿಣದ ಕಾಲಿನ ಮೇಲೆ ಕೂರಿಸಿದೆವು. ಬೇರಿಂಗಿಗೆ ಗ್ರೀಸ್ ತುಂಬಿದ ಮೇಲೆ ಕಿರುಬೆರಳಲ್ಲಿ ತಳ್ಳಿದರೂ ಸುತ್ತ ತಿರುಗುತ್ತಿತ್ತು. ಅದರ ಮೇಲೆ ಕಾಲು ಕತ್ತರಿಸಿದ ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯ ಮುಂದೆ ನಾಲ್ಕು ಬೋರ್ಡೋ ಗನ್ನುಗಳನ್ನು ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿದೆವು. ನಾಲ್ಕಕ್ಕೂ ಸೇರಿ ಒಂದೇ ಹಿಡಿ. ಎಸ್ಟೇಟಿನ ಪಿಕಪ್ಪಿನಲ್ಲಿ ಪಂಪು, ನೀಲಿ ಡ್ರಮ್ಮು. ಬೋರ್ಡೋ ಕಲಸಿದ ದಿನವೇ ಹೊಡೆದು ಮುಗಿಸಬೇಕು, ಮಾರನೆಯ ದಿನಕ್ಕೆ ಬಳ್ಳಿಗೆ ಬಾರದು. ಭಾವ ಶನಿವಾರ ಬೇಕೆಂದೇ ಅರ್ಧ ಡ್ರಮ್ಮು ಉಳಿಸಿದರು. “ಬಳ್ಳಿಗೆ ಆಗದಿದ್ರೂ ಡ್ರೋನಿಗೆ ಆಗುತ್ತೆ” ಎಂದರು.

“ಕೇಸು ಬಿದ್ರೆ ಭಾವ?”

“ಹಳ್ಳದ ಪಕ್ಕದ ಬಳ್ಳಿಗೆ ಔಷಧಿ ಹೊಡೀತಿದ್ವಿ, ಅದು ಅಡ್ಡ ಬಂತು. ನಮ್ಮದೆಂತ ತಪ್ಪು?”

ಡ್ರೋನು ಕೆಳಗೆ ಬಂದರೆ ತಾನೇ ನೀರು ಮುಟ್ಟುವುದು? ಅದನ್ನು ಇಳಿಸಲು ಭಾವ ಬಲೆ ಬೀಸಿದರು. ಅಕ್ಕಪಕ್ಕದ ಮನೆಗಳ ಗಾಢ ಬಣ್ಣದ ಸೀರೆಗಳನ್ನೆಲ್ಲ ತರಿಸಿ ಹಳ್ಳದ ಬಂಡೆಗಳ ಮೇಲೆ ಮುದ್ದೆ ಮುದ್ದೆಯಾಗಿ, ಕೂತು ಬಟ್ಟೆ ಒಗೆಯುವವರಂತೆ ಕಾಣುವ ಹಾಗೆ ಹರಡಿಸಿದರು. ಒಂದು ಬಂಡೆಗೆ ಮುತ್ತಮ್ಮನ ಕೆಂಪು ರವಿಕೆಯೂ ಏರಿತು. ನಾವೆಲ್ಲ ದಡದ ಮೇಲೆ, ಕಾಫಿ ಗಿಡಗಳ ಮರೆಯಲ್ಲಿ ಅಡಗಿ ಕೂತೆವು.

ಇಲ್ಲಿಯವರೆಗೆ ಎಲ್ಲ ಮಿಲಿಟರಿ ಲೆಕ್ಕ. ಆದರೆ ನಮ್ಮ ಹೆಂಗಸರು ಮಲೆನಾಡಿನವರು. ಮೇ ತಿಂಗಳಲ್ಲಿ ನಾಲ್ಕು ಜನ ಒಂದು ಕಡೆ ಸುಮ್ಮನೆ ಕೂತರೆ ಅಲ್ಲಿ ಹಲಸಿನ ಹಣ್ಣು ಬಿಚ್ಚಲೇಬೇಕು. ಮುತ್ತಮ್ಮ ಎರಡು ದೊಡ್ಡ ಬಕ್ಕೆ ಹಣ್ಣು ಹೊರಿಸಿಕೊಂಡು ಬಂದಿದ್ದಳು. ಕೈಗೆ ಎಣ್ಣೆ ಹಚ್ಚಿಕೊಂಡು ಶುರು ಮಾಡಿದರು ನೋಡಿ, ತೊಳೆ ಬಾಯಿಗೆ, ಸಿಪ್ಪೆ ಹಿಂದಕ್ಕೆ. ಭಾವ ಕುರ್ಚಿಯಿಂದ ತಿರುಗಿ, “ಶ್! ಇದು ಹೊಂಚು. ಇಲ್ಲಿ ತಿಂಡಿ ತಿನ್ಬಾರ್ದು” ಎಂದು ಗದರಿದರು. ಮುತ್ತಮ್ಮ ಅವರ ಬಾಯಿಗೂ ಒಂದು ತೊಳೆ ತುರುಕಿದಳು. ಹಣ್ಣಿನ ಘಮ ತೋಟಕ್ಕೆಲ್ಲ ಹರಡಿತು. ಅದು ತೋಟದ ಆಚೆಗೂ ಹೋಗುತ್ತದೆ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ, ಬಾಯಲ್ಲಿ ಹಲಸಿತ್ತಲ್ಲ.

ಬಿಸಿಲು ಏರುವ ಹೊತ್ತಿಗೆ ಸದ್ದು ಕೇಳಿಸಿತು.

ನಾನು ಪಂಪು ಶುರು ಮಾಡಿದೆ. ಅಕ್ಕ ಕುರ್ಚಿಯ ಪಕ್ಕ, ಎರಡು ಕೈಯಲ್ಲೂ ಸೆರಗು ಹಿಂಡುತ್ತ ನಿಂತಿದ್ದಳು. ಸಿಲ್ವರ್ ಮರಗಳ ಸಂದಿಯಿಂದ ಡ್ರೋನು ಬಂತು. ಎತ್ತರವಿಲ್ಲ, ವೇಗವಿಲ್ಲ, ನಮ್ಮ ತೋಟದ ಮೇಲೆ ತೆವಳಿದ ಹಾಗೆ, ಒಂದೇ ಗೆರೆಯಲ್ಲಿ ಬರುತ್ತಿತ್ತು. ಭಾವ ಹಿಡಿಯನ್ನು ತಿರುಗಿಸಿದರು. ನಾಲ್ಕು ಗನ್ನೂ ಒಟ್ಟಿಗೆ ಮೇಲೆದ್ದು ಅದರ ಮುಂದಕ್ಕೆ ಒಂದು ಮಾರು ದೂರ ಗುರಿಯಿಟ್ಟು ನಿಂತವು. ನಿಜ ಹೇಳುತ್ತೇನೆ, ನನ್ನ ಮೈ ಜುಮ್ಮೆಂದಿತು. ಮನುಷ್ಯ ಇಪ್ಪತ್ತೆರಡು ವರ್ಷ ಕಾದದ್ದು ಇದಕ್ಕೇ, ಬಂದೇ ಬಂತಲ್ಲ ಎನ್ನಿಸಿತು.

“ಹೊಡೀರಿ ಭಾವ!” ಎಂದೆ.

“ತಡಿ.”

“ಎಂತ ತಡಿಯೋದು? ನೆತ್ತಿ ಮೇಲೇ ಇದೆ!”

“ಇದು ಕಪ್ಪು. ಸುರೇಂದ್ರಂದು ಬಿಳಿ” ಎಂದರು ಭಾವ ಪಿಸುದನಿಯಲ್ಲಿ. “ಇದು ಸೀರೆ ಕಡೆ ತಿರುಗೇ ಇಲ್ಲ ಮಾರಾಯ.”

ಹೆಂಗಸರ ಗುಂಪಿನಿಂದ ಕಿಸಕ್ಕೆಂದು ಒಂದು ನಗು ಬಂತು. ಅಕ್ಕ ಗಂಡನ ಮುಖವನ್ನೇ ನೋಡುತ್ತಿದ್ದಳು. “ಹೊಡೀರಿ, ಒಂದೇ ಸಲ ಹೊಡೀರಿ” ಎಂದಳು, ಬೇಡುವ ಹಾಗೆ. ಹೊಡೆದಿದ್ದರೆ ಬೀಳುತ್ತಿತ್ತು. ಕುರುಡ ಹೊಡೆದರೂ ಬೀಳುತ್ತಿತ್ತು, ಅಷ್ಟು ಹತ್ತಿರ ಇತ್ತು ಅದು.

ಭಾವ ಹಿಡಿಯಿಂದ ಕೈ ತೆಗೆದರು. ಆಕಾಶದಿಂದ ಕಣ್ಣು ಕೀಳಲಾರದ ಮನುಷ್ಯ, ನಾನು ಕಂಡ ಹಾಗೆ ಮೊದಲ ಸಲ ತಾವಾಗಿ ಕತ್ತು ಬಗ್ಗಿಸಿ ನೆಲ ನೋಡಿದರು. ಡ್ರೋನಿನ ನೇರ ಕೆಳಗೆ, ನಮ್ಮ ಬೆನ್ನ ಹಿಂದಿನ ಕಾಫಿ ಸಾಲುಗಳನ್ನು ಒಂದೊಂದಾಗಿ ನೋಡಿದರು.

“ಏನೋ ತಮ್ಮಯ್ಯ, ವಿಮಾನ ನೆಲದಲ್ಲಿ ಹುಡುಕ್ತೀಯ?” ಎಂದಳು ಮುತ್ತಮ್ಮ, ಎಲ್ಲರಿಗೂ ಕೇಳುವ ಹಾಗೆ.

“ಮುತ್ತಮ್ಮಕ್ಕ, ಬಾಯಿ ಮುಚ್ಚು. ಯಾರೂ ಕೂಗ್ಬೇಡಿ, ಓಡ್ಬೇಡಿ. ಮೆಲ್ಲಗೆ ಎದ್ದು ಹಳ್ಳ ದಾಟಿ. ಈಗಲೇ.” ಆ ದನಿಯಲ್ಲಿ ಭಾವ ಮಾತಾಡಿದ್ದನ್ನು ನಾವು ಯಾರೂ ಕೇಳಿರಲಿಲ್ಲ. “ಮಲ್ಲೇಶ, ಪಂಪು ನಿಲ್ಲಿಸಬೇಡ. ಅವ್ರನ್ನ ಕರ್ಕೊಂಡು ಹೋಗು.”

ಆಗ ನನಗೂ ಕೇಳಿಸಿತು. ಹಿಂದೆ ಎಲ್ಲೋ ಕೊಂಬೆ ಮುರಿದ ಸದ್ದು, ಆಮೇಲೆ ಬುಸ್ಸೆಂಬ ಒಂದು ಉಸಿರು. ಹೆಂಗಸರನ್ನು ಒಬ್ಬೊಬ್ಬರಾಗಿ ಬಂಡೆಯಿಂದ ಬಂಡೆಗೆ ದಾಟಿಸಿದೆ. ಮುತ್ತಮ್ಮ ಎಲೆ ಅಡಿಕೆ ಚೀಲಕ್ಕೆಂದು ಹಿಂದೆ ತಿರುಗಿದಳು. ಅಕ್ಕ ಅವಳ ಜುಟ್ಟು ಹಿಡಿದು ಎಳೆದುಕೊಂಡು ಬಂದಳು. ಭಾವ ಕೊನೆಗೆ ಉಳಿದರು. ನಾಲ್ಕು ಗನ್ನನ್ನೂ ಕಾಫಿ ಗಿಡಗಳ ಕಡೆ ನೇರ ಮಾಡಿಟ್ಟು, ಎಲ್ಲರೂ ದಾಟಿದ್ದನ್ನು ನೋಡಿಕೊಂಡು, ಹಿಂದೆ ಹಿಂದೆ ಹೆಜ್ಜೆಯಿಡುತ್ತ ನೀರಿಗಿಳಿದರು.

ಅವರ ಕಾಲು ನೀರಿಗೆ ತಾಗುವುದಕ್ಕೂ ಕಾಫಿ ಸಾಲು ಇಬ್ಭಾಗವಾಗುವುದಕ್ಕೂ ಸರಿಹೋಯಿತು. ಕೊಂಬಿನ ಆನೆ, ಒಂಟಿ. ಸೀದಾ ಮುತ್ತಮ್ಮ ಕೂತಿದ್ದ ಜಾಗಕ್ಕೆ ಬಂತು. ಸಿಪ್ಪೆಯ ರಾಶಿಯ ಮುಂದೆ ನಿಂತು, ನೆಂಟರ ಮನೆಗೆ ಬಂದಷ್ಟು ನೆಮ್ಮದಿಯಾಗಿ ತಿನ್ನತೊಡಗಿತು. ಸಿಪ್ಪೆ ಮುಗಿಸಿತು, ಉಳಿದರ್ಧ ಹಣ್ಣು ಮುಗಿಸಿತು, ಮುತ್ತಮ್ಮನ ಎಲೆ ಅಡಿಕೆ ಚೀಲವನ್ನೂ ಬಿಡಲಿಲ್ಲ. ಆಚೆ ದಡದಲ್ಲಿ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ನಿಂತಿದ್ದರು. ಕಪ್ಪು ಡ್ರೋನು ಆನೆಯ ತಲೆಯ ಮೇಲೆ ಗುಂಯ್ ಎನ್ನುತ್ತ ನಿಂತಿತ್ತು. ಆನೆ ಎಲ್ಲಿದೆ ಎಂದು ಅರಣ್ಯದವರು ಹಿಂಬಾಲಿಸುತ್ತಿದ್ದ ಡ್ರೋನು ಅದು. ಆನೆ ಬರುತ್ತಿದೆ ಎಂದು ಅವರು ಫೋನಿಗೆ ಸುದ್ದಿ ಕಳಿಸಿಯೂ ಇದ್ದರಂತೆ. ನಮ್ಮ ಹಳ್ಳದಲ್ಲಿ ಸಿಗ್ನಲ್ ಎಲ್ಲಿಂದ ಬರಬೇಕು?

ತಿಂದಾದ ಮೇಲೆ ಆನೆಗೆ ನಮ್ಮ ಶಿಲ್ಕಾದ ಮೇಲೆ ಕುತೂಹಲ ಹುಟ್ಟಿತು. ಸೊಂಡಿಲಲ್ಲಿ ಕುರ್ಚಿ ತಿರುಗಿಸಿತು. ನನ್ನ ಬೇರಿಂಗು ಚೆನ್ನಾಗಿಯೇ ತಿರುಗಿತು. ಆಮೇಲೆ ಪೈಪಿನ ಮೇಲೆ ಕಾಲಿಟ್ಟಿತು. ಪಂಪು ಓಡುತ್ತಿತ್ತಲ್ಲ, ಪೈಪು ಢಮ್ಮೆಂದು ಒಡೆದು ಅರ್ಧ ಡ್ರಮ್ಮು ನೀಲಿ ಅದರ ಮೈಮೇಲೆ ಹಾರಿತು. ಆನೆ ಘೀಳಿಟ್ಟು, ಕುರ್ಚಿಯನ್ನು ತುಳಿದು ಪುಡಿ ಮಾಡಿ, ಗುಡ್ಡ ಹತ್ತಿ ಓಡಿತು. ಕಾಲು ನೀಲಿ, ಹೊಟ್ಟೆ ನೀಲಿ, ಅರ್ಧ ಸೊಂಡಿಲು ನೀಲಿ. ಸುಣ್ಣ ಮೈಗೆ ತಾಗಿದರೆ ಕಡಿತ, ಆನೆಗಾದರೂ ಅಷ್ಟೆ. ಅದಕ್ಕೆ ತಕ್ಷಣ ಬೇಕಾದದ್ದು ಮೈ ಮುಳುಗುವಷ್ಟು ನೀರು, ಮೇ ತಿಂಗಳ ಹಳ್ಳದಲ್ಲಿ ಆನೆಯ ಪಾದ ಮುಳುಗಿದರೆ ಹೆಚ್ಚು. ಗುಡ್ಡದ ಮೇಲೆ ನೀರು ಇದ್ದದ್ದು ಒಂದೇ ಕಡೆ.

ಸುರೇಂದ್ರನ ಈಜುಕೊಳ.

ನಾವಿದ್ದ ದಡದಿಂದ ಹೋಂಸ್ಟೇ ಚೆನ್ನಾಗಿ ಕಾಣುತ್ತದೆ. ಕೊಳದಲ್ಲಿದ್ದ ಗೆಸ್ಟುಗಳು ಚಡ್ಡಿಯಲ್ಲಿ, ಟವೆಲಿನಲ್ಲಿ, ಒಬ್ಬನಂತೂ ಛತ್ರಿ ಕುರ್ಚಿಯ ಬಟ್ಟೆಯನ್ನೇ ಸುತ್ತಿಕೊಂಡು ಮೆಟ್ಟಿಲು ಹತ್ತಿ ಓಡಿದರು. ಆನೆ ಕೊಳಕ್ಕಿಳಿದು ತಲೆಯವರೆಗೂ ಮಿಂದಿತು. ಕಪ್ಪು ಡ್ರೋನು ಅದರ ಹಿಂದೆಯೇ ಹೋಗಿ ಮೇಲೆ ನಿಂತಿತು, ಅದರ ಕೆಲಸವೇ ಅದಲ್ಲವೇ. ಬಾಲ್ಕನಿಯಲ್ಲಿ ಟವೆಲು ಹಿಡಿದುಕೊಂಡು ನಿಂತಿದ್ದ ಗೆಸ್ಟೊಬ್ಬ ಡ್ರೋನಿನ ಕಡೆ ಕೈ ಬೀಸುತ್ತ, ಫೋಟೋ ತೆಗೆಯಬೇಡಿ ಎಂದು ಕಿರುಚಾಡತೊಡಗಿದ.

ಮುತ್ತಮ್ಮ ಈಗಷ್ಟೇ ಸಾವಿನ ಬಾಯಿಂದ ಬಂದವಳು. ಆದರೂ ಬಂಡೆ ಹತ್ತಿ, ಬಾಯಿಗೆ ಎರಡೂ ಕೈ ಅಡ್ಡ ಹಿಡಿದು, ಗುಡ್ಡಕ್ಕೆ ಗುಡ್ಡ ಮಾರ್ದನಿ ಕೊಡುವ ಹಾಗೆ ಕೂಗಿದಳು. “ಅಯ್ಯೋ, ನಿಮ್ಮನ್ನ ಯಾರು ನೋಡ್ತಾರೆ ಬಿಡ್ರೀ!”

ನಾವು ನಕ್ಕ ನಗು ನೆನೆಸಿಕೊಂಡರೆ ಈಗಲೂ ಪಕ್ಕೆ ನೋಯುತ್ತದೆ. ಆ ಬಿಳಿ ಡ್ರೋನನ್ನು ಸುರೇಂದ್ರ ಆಮೇಲೆ ಹಾರಿಸಿದ್ದನ್ನು ಯಾರೂ ಕಂಡಿಲ್ಲ.

ಭಾವ ಮಾತ್ರ ನಗಲಿಲ್ಲ. ಪುಡಿಯಾದ ಕುರ್ಚಿಯ ಪಕ್ಕ ಹೋಗಿ ಕೂತರು. ನಾನು ಹತ್ತಿರ ಹೋದರೆ, “ಎಂಥಾ ಟಾರ್ಗೆಟ್ಟು ಮಾರಾಯ. ನೆತ್ತಿ ಮೇಲೇ ತೆವಳ್ತಿತ್ತು” ಎಂದರು. ಅವರ ಕಣ್ಣು ತುಂಬಿತ್ತು. ನಾನು ಬಗ್ಗಿ ಕುರ್ಚಿಯ ಚೂರುಗಳನ್ನು ಹೆಕ್ಕತೊಡಗಿದೆ.

ಮಾರನೆಯ ಬೆಳಿಗ್ಗೆ ಹಾಜರಿಗೆ ಬಂದವರೆಲ್ಲ ಆನೆಯ ಮಾತನ್ನೇ ಆಡುತ್ತಿದ್ದರು. ಅಕ್ಕ ಮಧ್ಯೆ ಹೋಗಿ ನಿಂತಳು. ಪಿಕಪ್ ಹಿಂತಿರುಗಿಸಲು ಹೋಗಿದ್ದ ನಾನೂ ಅಲ್ಲೇ ಇದ್ದೆ. “ನಾನೊಂದು ಮಾತು ಹೇಳ್ಬೇಕು. ನಮ್ಮನೆಯವ್ರು ಯಾವ ವಿಮಾನನೂ ಹೊಡ್ದಿಲ್ಲ. ಅವತ್ತು ನಲ್ಲಿ ಹತ್ರ ನಾನೇ ಕಟ್ಟಿ ಹೇಳಿದ್ದು. ಅವ್ರಿಗೆ ಇದ್ರಲ್ಲಿ ಎಂತದೂ ಇಲ್ಲ” ಎಂದಳು. ಹೇಳಿ ಮುಗಿಸುವಷ್ಟರಲ್ಲಿ ಅವಳ ಕೆನ್ನೆ ಒದ್ದೆಯಾಗಿತ್ತು.

ಮುತ್ತಮ್ಮ ಹೊಸ ಚೀಲದಿಂದ ಎಲೆ ತೆಗೆದು ಸುಣ್ಣ ಸವರಿದಳು. “ಗೊತ್ತು ಬಿಡೇ. ಅವತ್ತೇ ಗೊತ್ತಿತ್ತು. ನಿಜಾನ ನಿನ್ನ ಬಾಯಿಂದಲೇ ಬಿಡಿಸೋಣ, ಎಲ್ಲರೂ ನಗೋಣ ಅಂತಲೇ ಡ್ರೋನು ಬೀಳ್ಸು ಅಂದಿದ್ದು.” ಎಲೆ ಮಡಿಸಿ ಬಾಯಿಗಿಟ್ಟಳು. ಅಗಿಯಲಿಲ್ಲ. “ನಾನು ಕೂತಿದ್ದಲ್ಲೇ ಬಂದು ನಿಂತ್ಕೊಂತಲ್ಲೇ ಅದು. ನನ್ನ ಚೀಲ ತಿಂತು. ಅವ್ನು ಮೇಲಕ್ಕೆ ಹೊಡ್ಕೊಂಡು ಕೂತಿದ್ರೆ ಅದು ನನ್ನನ್ನೇ ತುಳೀತಿತ್ತು.” ಅಕ್ಕನ ಕೆನ್ನೆಯನ್ನು ಎಲೆ ಮಡಿಸಿದ ಕೈಯಲ್ಲೇ ಒರೆಸಿದಳು. “ನೀನು ಇನ್ನು ಬಾಯಿ ಬಿಡ್ಬೇಡ. ವಿಮಾನದ ವಿಷ್ಯ ನಾವು ಹೇಳ್ಕೋತೀವಿ.”

ಹಾಗಾಗಿಯೇ ಕೊಟ್ಟಿಗೆಹಾರದಲ್ಲಿ ಯಾರನ್ನು ಕೇಳಿದರೂ ನಮ್ಮ ಭಾವ ವಿಮಾನ ಬೀಳಿಸಿದವರು. ಮೊನ್ನೆ ಕಳಸದಿಂದ ಬಂದ ಲಾರಿಯವನೊಬ್ಬ ವಿಮಾನ ಮೂರು ಎಂದ. ನಾನು ತಿದ್ದಲು ಹೋಗಲಿಲ್ಲ, ನನಗೂ ಮುತ್ತಮ್ಮನ ಬಾಯಿಗೆ ಹೆದರಿಕೆಯಿದೆ.

ಈಗ ಭಾನುವಾರ ಹೆಂಗಸರು ಹಳ್ಳಕ್ಕೆ ಹೊರಟರೆ ಅಕ್ಕನ ಮನೆಯ ಮುಂದೆ ನಿಂತು ಕೂಗುತ್ತಾರೆ. ಭಾವ ಚಪ್ಪಲಿ ಮೆಟ್ಟಿ ಹೊರಡುತ್ತಾರೆ. ಬಟ್ಟೆಗಂಟು ಹೊತ್ತವರು ಮುಂದೆ, ಇವರು ಒಂದಿಷ್ಟು ದೂರ ಬಿಟ್ಟು ಹಿಂದೆ, ಮುಖ ಮೇಲೆ. ಹಳ್ಳ ಬರುವ ಮೊದಲಿನ ತಿರುವಿನಲ್ಲಿ ಬೆನ್ನು ತಿರುಗಿಸಿ ಒಂದು ಬಂಡೆಯ ಮೇಲೆ ಕೂರುತ್ತಾರೆ, ಹಲಸಿನ ಹಣ್ಣನ್ನು ಅಲ್ಲಿಂದ ಮುಂದೆ ಬಿಡುವುದಿಲ್ಲ. ಕಳೆದ ಭಾನುವಾರ ನಾನೂ ಅವರ ಜೊತೆ ಹೋಗಿದ್ದೆ. ತಿರುವಿನಲ್ಲಿ ಮುತ್ತಮ್ಮ ನಿಂತಳು. ತಲೆಯ ಮೇಲಿನ ಗಂಟನ್ನು ಒಂದು ಕೈಯಲ್ಲಿ ಹಿಡಿದು, ಪೂರ್ತಿ ಹಿಂದೆ ತಿರುಗಿದಳು.

“ಇದೀಯೇನೋ ತಮ್ಮಯ್ಯ?”

“ಇದೀನಿ ಮುತ್ತಮ್ಮಕ್ಕ” ಎಂದರು ಭಾವ. ಆಮೇಲೆ ತುಂಬಾ ಹೊತ್ತು ಅವರು ಆಕಾಶ ನೋಡುವುದನ್ನೇ ಮರೆತು ಕೂತಿದ್ದರು.